ಕುಬಸದ ಬುಟ್ಟಿ ಮತ್ತು ಎರಡು ಬಾಗಿಲಿನ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಕಾರಿನಲ್ಲಿ ಕೂಡುವ ವಿಷಯದಲ್ಲಿ ನನ್ನಷ್ಟು ಬಲ್ಲವರು ಇಡೀ ಕಮರಿಪೇಟೆಯಲ್ಲಿ ಇನ್ನೊಬ್ಬರಿಲ್ಲ ಎಂಬ ನಂಬಿಕೆ ಮೊನ್ನೆಯವರೆಗೂ ಇತ್ತು.

ನಮ್ಮ ಹಳೆಯ ಕಾರು ಕೈಕೊಟ್ಟಾಗ, ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ನಮ್ಮವರ ಗೆಳೆಯರೊಬ್ಬರು ಎರಡು ಕಾರು ತೋರಿಸಿದರು. ಒಂದು ಬಿಳಿ ಎಸ್‌ಯುವಿ, ಮೂರು ಸಾಲು ಸೀಟಿನದು. ಇನ್ನೊಂದು ಕೆಂಪು ಸ್ಪೋರ್ಟ್ಸ್ ಕೂಪೆ. ಎರಡೇ ಬಾಗಿಲು, ಕುಂಕುಮದ ಭರಣಿಯ ಹಾಗೆ ಮಿರುಗುತ್ತಿತ್ತು. ಭಾನುವಾರ ಧಾರವಾಡದಲ್ಲಿ, ನನ್ನ ನಾದಿನಿ ಶೋಭಾಳ ಗಂಡನ ಮನೆಯಲ್ಲಿ, ಅವಳ ಕುಬಸ, ಅಂದರೆ ಸೀಮಂತ. ಬಸುರಿ ಮಗಳಿಗೆ ತವರಿನಿಂದ ಹಸಿರು ಸೀರೆ, ಖಣ, ಬುತ್ತಿಯ ಬುಟ್ಟಿಗಳನ್ನು ಒಯ್ಯಬೇಕು. ಅದಕ್ಕೆ ಯಾವುದಾದರೂ ಒಂದನ್ನು ಒಯ್ದು ಓಡಿಸಿ ನೋಡಿ ಎಂದರು ಗೆಳೆಯರು.

ಅತ್ತೆಯವರದು ಒಂದೇ ಕರಾರು.

"ಯಾವ ಗಾಡಿ ಆದ್ರೂ ಇರಲಿ. ಹೋಗೂದು ಬರೂದು ನಮ್ಮ ಗಾಡ್ಯಾಗ ಆಗಬೇಕು. ಬೀಗರ ಗಾಡಿ ಕೇಳೂ ಪ್ರಸಂಗ ಬರಬಾರದು, ನೋಡ್ರಿ."

ನಮ್ಮವರು ಬಾಯಲ್ಲಿ "ದೊಡ್ಡದ ಛಲೋ" ಅನ್ನುತ್ತಿದ್ದರು. ಕೈ ಮಾತ್ರ ಕೆಂಪು ಕಾರಿನ ಬಾನೆಟ್ಟನ್ನು ಕರುವಿನ ಬೆನ್ನಿನಂತೆ ಸವರುತ್ತಿತ್ತು. ಐವತ್ತು ದಾಟಿದ ಗಂಡಸಿನ ಈ ಅವಸ್ಥೆ ಕಂಡು ನನಗೆ ಪಾಪ ಅನ್ನಿಸಿತು. ಸೌಕರ್ಯ ಪರೀಕ್ಷೆಯ ಸಮಸ್ತ ಹೊಣೆಯನ್ನು ನಾನೇ ಹೊತ್ತೆ.

ಮೊದಲು ಎಸ್‌ಯುವಿ. ನಡುವಿನ ಸಾಲಿನಲ್ಲಿ ಕಾಲು ಚಾಚಿದರೂ ಮುಂದಿನ ಸೀಟು ತಾಗುವುದಿಲ್ಲ. ತಲೆಯ ಮೇಲೆ ಇನ್ನೊಂದು ತಲೆ ಇಡುವಷ್ಟು ಎತ್ತರ. ಆದರೆ ಹತ್ತಬೇಕಲ್ಲ! ಅತ್ತೆಯವರ ಮೊಣಕಾಲು ನೋವು, ಸೀರೆಯ ನಿರಿಗೆ, ಎರಡನ್ನೂ ನೆನೆದು ತಲೆಯಾಡಿಸಿದೆ. ಸಾಲದ್ದಕ್ಕೆ ಮೂರನೇ ಸಾಲು ಎಬ್ಬಿಸಿ ನಿಲ್ಲಿಸಿದ್ದರಿಂದ ಡಿಕ್ಕಿಯಲ್ಲಿ ಒಂದು ಬುಟ್ಟಿಗೂ ಜಾಗವಿಲ್ಲ. ಅದನ್ನು ಮಡಚಲು ಬರುತ್ತದೆ ಎಂದು ಗೆಳೆಯರು ಹೇಳಿದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕೂಪೆಗೆ ಹತ್ತುವ ಮಾತೇ ಇಲ್ಲ. ಅದರೊಳಗೆ ಇಳಿಯಬೇಕು, ಊಟದ ಮಣೆಯ ಮೇಲೆ ಕೂತಷ್ಟು ಕೆಳಗೆ. ನೋಯುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಹಗುರ ಎಂದು ತೀರ್ಮಾನಿಸಿದೆ. ಇಳಿದವರು ಮತ್ತೆ ಏಳಬೇಕಾಗುತ್ತದೆ ಎಂಬುದು ಹೊಳೆಯಲಿಲ್ಲ. ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ನುಸುಳಿದೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದ ಹಾಗೆ ಬೆನ್ನು ನೆಟ್ಟಗೆ, ಮೊಣಕಾಲು ಜೋಡಿಸಿ, ಕೈ ಮಡಿಲಲ್ಲಿಟ್ಟು ಕೂತೆ. ಈ ಭಂಗಿಯಲ್ಲಿ ನಾನು ಬಿಸ್ಕೀಟಿನ ಡಬ್ಬಿಯಲ್ಲೂ ಕೂಡಬಲ್ಲೆ. ಹಿಂದೆ ಇಬ್ಬರು ಆರಾಮಾಗಿ ಕೂಡಬಹುದೆಂದು ಅಲ್ಲಿಂದಲೇ ತೀರ್ಪು ಕೊಟ್ಟೆ. ಮನೆಯಿಂದ ತಂದ ಖಾಲಿ ಬುಟ್ಟಿ ಡಿಕ್ಕಿಯಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ನಮ್ಮವರ ಮುಖ ಶಾಲೆಗೆ ರಜೆ ಸಿಕ್ಕ ಹುಡುಗನ ಹಾಗಾಯಿತು.

ಭಾನುವಾರ ತಿಳಿಯಿತು, ಖಾಲಿ ಬುಟ್ಟಿಯೇ ಬೇರೆ, ಕುಬಸದ ಬುಟ್ಟಿಯೇ ಬೇರೆ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ ಗೋಪುರದಂತೆ ಏರಿಸಿ ಮೇಲೆ ಬಟ್ಟೆಯ ಗಂಟು ಹಾಕಿದ ಮೇಲೆ ಡಿಕ್ಕಿ ಮುಚ್ಚಲಿಲ್ಲ. ಬುತ್ತಿಯನ್ನು ಒತ್ತುವಂತಿಲ್ಲ, ಕಾಲ ಬಳಿ ಇಡುವಂತಿಲ್ಲ. ಒಂದು ಬುಟ್ಟಿ ಮುಂದೆ ಅತ್ತೆಯವರ ಮಡಿಲಿಗೆ, ಇನ್ನೊಂದು ಹಿಂದೆ, ಸೀರೆ ಖಣದ ಗಂಟುಗಳ ಪಕ್ಕ ಕೂತ ನನ್ನ ಮಡಿಲಿಗೆ ಬಂತು. ರಸ್ತೆಯ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ಕೆರೆಯಿತು, ರೊಟ್ಟಿ ಲಟಲಟ ಅಂದವು.

"ಏನಪಾ, ಕಾರ್‌ನ್ಯಾಗ ಹೊಂಟೇವೋ, ನೆಲಾ ಸಾರಸ್ಕೋತ ಹೊಂಟೇವೋ?" ಎಂದು ಅತ್ತೆ ಮಗನನ್ನು ಕೇಳಿದರು.

ಧಾರವಾಡದಲ್ಲಿ ಬೀಗಿತ್ತಿ ಆರತಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅತ್ತೆ ಏಳಲು ನೋಡಿದರು. ಆಗಲಿಲ್ಲ. ನಮ್ಮವರು ಮುಂದಿನಿಂದ ಎಳೆದರು, ನಾನು ಹಿಂದಿನಿಂದ ನೂಕಿದೆ. ಕಡೆಗೆ ಅತ್ತೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಇಲ್ಲೇ ಬೆಳಗಿಬಿಡ್ರಿ" ಎಂದು ಗಂಭೀರವಾಗಿ ಅಪ್ಪಣೆ ಕೊಟ್ಟರು. ಬೀಗಿತ್ತಿ ಬಗ್ಗಿ ಕಾರಿನೊಳಗೇ ಆರತಿ ಮಾಡಿದರು. ಆಮೇಲೆ ಅಳಿಯ ಮತ್ತು ಮಗ ಕೂಡಿ ಪಲ್ಲಕ್ಕಿಯಿಂದ ದೇವರನ್ನು ಇಳಿಸಿದ ಹಾಗೆ ಇಳಿಸಿದರು.

ಕುಬಸ ಚೆಂದ ಆಯಿತು. ಶೋಭಾ ಹಸಿರು ಸೀರೆಯಲ್ಲಿ ಹೊಳೆಯುತ್ತಿದ್ದಳು. ನನಗೂ ಕೈತುಂಬ ಹಸಿರು ಬಳೆ ಇಡಿಸಿದರು. ಸಂಜೆ ಹೊರಡುವಾಗ ಶೋಭಾ ಬ್ಯಾಗು, ತಲೆದಿಂಬು ಹಿಡಿದು ಹೊರಗೆ ಬಂದು ನಿಂತಳು. ಬೀಗಿತ್ತಿ ಕಾರಿನೊಳಗೆ ಇಣುಕಿ ಮೆಲ್ಲಗೆ ಕೇಳಿದರು:

"ಶೋಭಾನ್ನ ಎಲ್ಲಿ ಕೂಡಸ್ತೀರ್ರಿ?"

ನಾನು ಬುಟ್ಟಿ ಅಳೆದಿದ್ದೆ. ಡಿಕ್ಕಿ ಅಳೆದಿದ್ದೆ. ಕುಬಸ ಮುಗಿದ ಮೇಲೆ ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಬರುವುದನ್ನೇ ಮರೆತಿದ್ದೆ! ಯಾವುದಕ್ಕೆ ಹೋಗಿದ್ದೆವೋ ಅದಕ್ಕೇ ಜಾಗವಿರಲಿಲ್ಲ. ಬಸುರಿಯನ್ನು ಮುಂದಿನ ಸೀಟು ಬಗ್ಗಿಸಿ ಹಿಂದಕ್ಕೆ ನುಸುಳಿಸುವಂತಿಲ್ಲ, ಅವಳು ಮುಂದೆ ಕೂತರೆ ಅತ್ತೆಯವರಿಗೆ ಸೀಟಿಲ್ಲ. ಮೇಲಾಗಿ ಬೀಗರು ನಮ್ಮ ಬುಟ್ಟಿಗಳನ್ನು ಖಾಲಿ ಕಳಿಸದೆ ಮತ್ತೆ ತುಂಬಿಸಿಟ್ಟಿದ್ದರು.

ಬೀಗರ ದೊಡ್ಡ ಗಾಡಿ ಅಂಗಳದಲ್ಲೇ ನಿಂತಿತ್ತು. ಬೀಗಿತ್ತಿ ಅದರ ಮಾತೆತ್ತಿದರು. ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಬೀಗಿತ್ತಿಯ ಕಡೆ ತಿರುಗಿದರು.

"ಮಗಳು ನಮ್ಮ ಗಾಡ್ಯಾಗ ಬರ್ತಾಳ್ರಿ. ಬುಟ್ಟಿ ನಿಮ್ಮ ಗಾಡ್ಯಾಗ ಬರಲಿ. ಬುಟ್ಟಿ ಕಾಯಾಕ ನಾನೂ ಬರ್ತೇನಿ" ಎಂದು ತವರಿನ ಮಾನವನ್ನು ಅರ್ಧ ಉಳಿಸಿಕೊಂಡರು. ಬೀಗಿತ್ತಿ ಒಂದು ಸ್ಟೂಲು ತರಿಸಿದರು. ಅತ್ತೆ ಅದರ ಮೇಲೆ ಕಾಲಿಟ್ಟು ಸರಾಗವಾಗಿ ಹತ್ತಿ, ನಡುವಿನ ಸಾಲಿನಲ್ಲಿ ಕಾಲು ಚಾಚಿದರು. ಒಂದು ಸ್ಟೂಲು! ಅದು ನನ್ನ ಪರೀಕ್ಷೆಯಲ್ಲಿ ಬಂದಿರಲೇ ಇಲ್ಲ.

ಶೋಭಾ ಮುಂದೆ ಕೂತಳು. ಅವಳ ಸೀಟನ್ನು ಹಿಂದಕ್ಕೆ ಸರಿಸಿ ಒರಗಿಸಿದರು. ಅವಳ ಬ್ಯಾಗು ನನ್ನ ಪಕ್ಕದಲ್ಲಿ, ಅವಳ ಸೀಟು ನನ್ನ ಮಡಿಲಲ್ಲಿ.

"ವೈನಿ, ನಿಮಗ ಜಾಗಾ ಆತೇನ್ರಿ?"

"ಭಾಳ ಐತಿ" ಅಂದೆ. ಗದ್ದಕ್ಕಷ್ಟೇ ಇತ್ತು.

ನಮ್ಮ ಮನೆಯ ಮುಂದೆ ಎಲ್ಲರೂ ಸೇರಿ ಶೋಭಾಳನ್ನು ಜೋಪಾನವಾಗಿ ಇಳಿಸಿದರು. ಆರತಿಯಾಯಿತು. ನಮ್ಮವರು ಮಂದಿಯ ಕಾರೆಂದು ಕಾಳಜಿಯಿಂದ ಬಾಗಿಲು ಹಾಕಿ, ಕೀಲಿ ಒತ್ತಿ, ತಂಗಿಯ ಹಿಂದೆ ಒಳಗೆ ಹೋದರು. ಹಿಂದೆ ಕೂತವರಿಗೆ ಬಾಗಿಲೇ ಇಲ್ಲದ್ದು ಎಷ್ಟು ಅಂದ ಎಂದು ನಾನೇ ಹೊಗಳಿದ್ದೆ. ಮುಂದಕ್ಕೆ ಬಗ್ಗಿ ಬಾಗಿಲ ಹಿಡಿಕೆಗೆ ಕೈ ಚಾಚಿದೆ. ಕಾರು ಕಿರುಚತೊಡಗಿತು. ಓಣಿಯೇ ಓಡಿ ಬಂತು. ಎದುರುಮನೆಯ ಕಾಕು ಗಾಜಿಗೆ ಮೂಗು ಹಚ್ಚಿ ಒಳಗೆ ನೋಡಿದರು. ನಾನು ಬೆನ್ನು ನೆಟ್ಟಗೆ ಮಾಡಿ, ಹಸಿರು ಬಳೆಯ ಕೈ ಮಡಿಲಲ್ಲಿಟ್ಟು ಮುಗುಳ್ನಕ್ಕೆ. ಇನ್ನೇನು ಮಾಡುವುದು?

ಮರುದಿನ ಗೆಳೆಯರು ಬಂದು, ಹಿಂದಿನ ಸೀಟು ಹೇಗಿತ್ತೆಂದು ನನ್ನನ್ನೇ ಕೇಳಿದರು. ಅತ್ತೆ ನಡುವೆ ಬಾಯಿ ಹಾಕಿದರು.

"ನಮ್ಮ ಸೊಸೀನ್ನ ಕೇಳಬ್ಯಾಡ್ರಿ. ಪಾಪ, ಅಕಿ ಎಲ್ಲಿ ಬೇಕಾದ್ರೂ ಕೂಡ್ತಾಳ."

ಈಗ ಮನೆಯ ಮುಂದೆ ಬಿಳಿ ಎಸ್‌ಯುವಿ ನಿಂತಿದೆ. ಅದರೊಳಗೆ ಒಂದು ಸ್ಟೂಲು. ಮುಂದೆ ನಮ್ಮವರು ನಿಟ್ಟುಸಿರು ಬಿಡುತ್ತಾರೆ, ನಡುವೆ ಅತ್ತೆ, ಶೋಭಾ ಕಾಲು ಚಾಚುತ್ತಾರೆ. ಮೂರನೇ ಸಾಲು ಸಣ್ಣ ಮಕ್ಕಳಿಗಂತೆ. ಅಲ್ಲಿ ಅರ್ಧ ಮಡಚಿ ಬುಟ್ಟಿ ಇಡುತ್ತೇವೆ. ಉಳಿದ ಅರ್ಧದಲ್ಲಿ ಸೌಕರ್ಯ ಪರೀಕ್ಷಕಿ ಕೂತಿರುತ್ತಾಳೆ, ಬೆನ್ನು ನೆಟ್ಟಗೆ.