ಮಧ್ಯಾಹ್ನ ಹನ್ನೆರಡರವರೆಗೆ ನಗರ

ಪೂರ್ವ ಆಫ್ರಿಕಾದ ಲುವಾಂಬಿ ಸಂಸತ್ ಕ್ಷೇತ್ರವು ನಗರವೋ ಗ್ರಾಮವೋ ಎಂದು ತೀರ್ಮಾನಿಸುವ ಅಧಿಕಾರವು ಜರ್ಮನಿಯ ಕಲೋನ್ ನಗರದ ಒಂದು ಕಟ್ಟಡದ ಮೂರನೆಯ ಮಹಡಿಗೆ ಸೇರಿದ್ದು. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ತೀರ್ಮಾನ ಎಂಬುದು ಎಲ್ಲಾದರೂ ಒಂದು ಕಡೆ ಆಗಲೇಬೇಕು, ಮತ್ತು ಆ ಮಹಡಿಯಲ್ಲಿ ಕುರ್ಚಿಗಳು ಖಾಲಿ ಇದ್ದವು.

ಮಹಡಿಯ ಹೆಸರು ‘ದೂರದ ಮತಕ್ಷೇತ್ರಗಳ ಅಧ್ಯಯನ ಕೇಂದ್ರ’. ಅಲ್ಲಿ ಕಡತಗಳನ್ನು ನೋಡಿಕೊಳ್ಳುತ್ತಿದ್ದವರು ಉಡುಪಿ ಕಡೆಯ ಜೆಸಿಂತಾಬಾಯಿ. ಅರವತ್ತಾರು ತುಂಬಿತ್ತು. ಮಾರ್ಚ್ ಕೊನೆಗೆ ನಿವೃತ್ತಿ. ಏಪ್ರಿಲ್ ಒಂದಕ್ಕೆ ಊರಂಚಿನ ಕೈತೋಟಗಳ ಸಂಘದಿಂದ ಅವರಿಗೊಂದು ತುಂಡು ಭೂಮಿಯ ಬೀಗದ ಕೈ ಸಿಗಬೇಕಿತ್ತು. ಆ ತುಂಡಿಗೆ ಅವರು ಹನ್ನೊಂದು ವರ್ಷ ಸರದಿಯಲ್ಲಿ ಕಾದಿದ್ದರು. ಸಂಘದ ನಿಯಮ ಸರಳ: ತೋಟ ನಿವೃತ್ತರಿಗೆ ಮಾತ್ರ. ಆ ದಿನ ನಿವೃತ್ತಿಯ ಪತ್ರ ತೋರಿಸದಿದ್ದರೆ ಬೀಗದ ಕೈ ಸರದಿಯ ಮುಂದಿನ ಹೆಸರಿಗೆ ಹೋಗುತ್ತದೆ. ಮುಂದಿನ ಹೆಸರು ಶ್ರೀಮತಿ ಕೆಸ್ಲರ್. ಆಕೆ ಆಗಲೇ ಗುದ್ದಲಿ ಕೊಂಡಿದ್ದರು.

ಕೇಂದ್ರದ ನಿಯಮವೂ ಸರಳವೇ. ಒಂಬತ್ತನೆಯ ನಿಯಮದ ಪ್ರಕಾರ, ತನ್ನ ಹೆಸರಿನಲ್ಲಿ ತೆರೆದ ಕಡತ ಇರುವವರೆಗೆ ಯಾರೂ ನಿವೃತ್ತರಾಗುವಂತಿಲ್ಲ. ಹಿಂದೊಮ್ಮೆ ಒಬ್ಬರು ಕಡತದ ಸಮೇತ ನಿವೃತ್ತರಾಗಿ ಹೋದದ್ದರಿಂದ ಇದನ್ನು ಮಾಡಿದ್ದು.

ಜೆಸಿಂತಾಬಾಯಿಯ ಹೆಸರಿನಲ್ಲಿ ಉಳಿದದ್ದು ಲುವಾಂಬಿ ಕ್ಷೇತ್ರವನ್ನು ಪರಿಚಯಿಸುವ ಫಾರ್ಮಿನ ಕಡತ ಒಂದೇ. ಇಪ್ಪತ್ತೊಂಬತ್ತು ಪುಟಗಳೂ ತುಂಬಿದ್ದವು. ಮತದಾರರು, ಮಳೆ, ಶಾಲೆ, ರಸ್ತೆ, ಪೇಟೆಯ ಎರಡು ಟ್ರಾಫಿಕ್ ಲೈಟು, ನಲವತ್ತೊಂದು ಕ್ಷೌರದಂಗಡಿ, ಸುತ್ತಲಿನ ಹದಿನಾರು ಹಳ್ಳಿ, ಅಲ್ಲಿ ಬೆಳೆಯುವ ಗೆಣಸು, ಎಲ್ಲ. ಬಾಕಿ ಇದ್ದದ್ದು ನಾಲ್ಕನೆಯ ಪ್ರಶ್ನೆ: ನಗರವೋ, ಗ್ರಾಮವೋ? ನಗರವಾದರೆ ಕೇಂದ್ರದ ಶಿಫಾರಸಿನಂತೆ ಒಂದು ಅಗ್ನಿಶಾಮಕ ವಾಹನ ಮಂಜೂರಾಗುತ್ತದೆ. ಗ್ರಾಮವಾದರೆ ಒಂದು ಟ್ರ್ಯಾಕ್ಟರ್.

“ಎರಡೂ ಗುಂಡಿ ಒತ್ತಿ ನೋಡು ಮಾರಾಯ,” ಎಂದರು ಜೆಸಿಂತಾಬಾಯಿ. ಕಂಪ್ಯೂಟರಿನ ಮುಂದೆ ಕೂತಿದ್ದವನು ಬಾಗಲಕೋಟೆಯ ಬಸವಪ್ರಸಾದ. ಕೇಂದ್ರದ ಎಲ್ಲ ಫಾರ್ಮುಗಳೂ ಅವನ ಕೈಯಲ್ಲಿ.

“ಒಂದ್ ಒತ್ತಿದ್ರ ಇನ್ನೊಂದು ಆರತೈತ್ರಿ ಅಕ್ಕಾರ. ಇಬ್ಬರು ಹೆಂಡರ ಇದ್ದಂಗ.”

“ಹಾಗಾದ್ರೆ ಮೂರನೆಯದ್ದೊಂದು ಹಾಕು.”

“ಮೂರನೇ ಗುಂಡಿ ಹಾಕಾಕ ಟೆಂಡರ್ ಕರೀಬೇಕ್ರಿ. ಹದಿನಾಕು ತಿಂಗಳ ಹಿಡೀತೈತಿ.”

“ಹದಿನಾಲ್ಕು ತಿಂಗಳಲ್ಲಿ ಆ ಕೆಸ್ಲರ್ ನನ್ನ ಜಾಗದಲ್ಲಿ ಬಟಾಟೆ ಬೆಳೆದು, ತಿಂದು, ಸಿಪ್ಪೆ ನನಗೆ ಕೊಡ್ತಾಳೆ.”

ನಿರ್ದೇಶಕ ಡಾಕ್ಟರ್ ಹೋಲ್ಟ್‌ಕಾಂಪ್ ಅವರ ಬಳಿ ಇದಕ್ಕೆ ವೈಜ್ಞಾನಿಕ ವಿಧಾನವಿತ್ತು. ಜರ್ಮನಿಯಲ್ಲಿ ಹಳ್ಳಿಯ ಹುಂಜ ನಸುಕಿನಲ್ಲಿ ಕೂಗಿದರೆ ಅದು ಊರಿನ ವಾಡಿಕೆ. ಪಟ್ಟಣದ ಹುಂಜ ಕೂಗಿದರೆ ನೆರೆಯವರು ವಕೀಲರ ಬಳಿ ಹೋಗುತ್ತಾರೆ. “ಆದ್ದರಿಂದ,” ಎಂದರು ಅವರು, “ಹುಂಜದ ಮೇಲೆ ದೂರು ಬರುವ ಜಾಗ ನಗರ, ಬರದಿರುವ ಜಾಗ ಗ್ರಾಮ. ಕೇಳಿ ಬರೆದುಕೊಳ್ಳಿ.”

ಲುವಾಂಬಿಯ ಸಂಸತ್ ಸದಸ್ಯರ ಕಾರ್ಯದರ್ಶಿಯ ಹೆಸರು ನಾಫುಲಾ. ಆ ಕಡೆ ಹಿರಿಯ ಹೆಂಗಸರನ್ನು ‘ಮಾಮಾ’ ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ಜೆಸಿಂತಾಬಾಯಿ ಮೂಗಿನ ಕೆಳಗೆ ಬೆರಳಾಡಿಸಿ ನೋಡಿಕೊಂಡಿದ್ದರು. ಈಗ ಅಭ್ಯಾಸವಾಗಿತ್ತು.

“ಹುಂಜದ ಮೇಲೆ ದೂರು ಕೊಡ್ತಾರಾ, ನಾಫುಲಾ?”

“ಕೊಡ್ತಾರೆ ಮಾಮಾ. ಕೂಗದಿದ್ದ ದಿನ ಕೊಡ್ತಾರೆ. ನಮ್ಮ ಬಸ್ ಡ್ರೈವರ್ ಏಳೋದೇ ಅದು ಕೂಗಿದ ಮೇಲೆ.”

ಹೋಲ್ಟ್‌ಕಾಂಪ್ ಕಾಗದದ ನಡುವೆ ಗೆರೆ ಎಳೆದು ಎರಡೂ ಕಡೆ ಬರೆದರು. ದೂರು ಇದೆ, ಆದ್ದರಿಂದ ನಗರ. ದೂರು ಹುಂಜದ ಕೂಗಿನ ಪರವಾಗಿದೆ, ಆದ್ದರಿಂದ ಗ್ರಾಮ. ಕಾನೂನು ತಜ್ಞರಿಂದ ಅಭಿಪ್ರಾಯ ಕೇಳಲಾಯಿತು. ನೂರ ನಲವತ್ತು ಪುಟಗಳಲ್ಲಿ ಬಂದ ಉತ್ತರದ ಸಾರಾಂಶ, ಹುಂಜವು ಎರಡೂ ಕಡೆ ನಿರಪರಾಧಿ. ಅಷ್ಟರಲ್ಲಿ ಮಾರ್ಚ್ ಇಪ್ಪತ್ತನಾಲ್ಕು ಆಯಿತು.

ಜೆಸಿಂತಾಬಾಯಿ ಮತ್ತೆ ಫೋನು ಮಾಡಿದರು. “ನೀನೇ ಹೇಳು ಮಗಳೇ. ನಿಮ್ಮದು ಪೇಟೆಯಾ, ಹಳ್ಳಿಯಾ? ನನಗೆ ಇನ್ನು ಒಂದೇ ವಾರ ಇರುವುದು.”

“ಬೆಳಗ್ಗೆ ಹಳ್ಳಿಯವರೆಲ್ಲ ಪೇಟೆಯಲ್ಲಿ ಇರ್ತಾರೆ, ಗೆಣಸು ಮಾರ್ತಾ. ಸಂಜೆ ಪೇಟೆಯವರೆಲ್ಲ ಹಳ್ಳಿಯಲ್ಲಿ ಇರ್ತಾರೆ, ಗೆಣಸು ಅಗೀತಾ. ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ?”

ಇದನ್ನು ಜೆಸಿಂತಾಬಾಯಿ ಹೋಲ್ಟ್‌ಕಾಂಪ್‌ಗೆ ಹೇಳಿದ್ದು, ಇನ್ನಾದರೂ ತಲೆ ಕೆಡಿಸಿಕೊಳ್ಳುವುದು ನಿಲ್ಲಿಸಲಿ ಎಂದು. ಹೋಲ್ಟ್‌ಕಾಂಪ್ ಎದ್ದು ನಿಂತರು. ಅವರ ಮುಖಕ್ಕೆ ಕಳೆ ಬಂದಿತ್ತು. ಮರುದಿನವೇ ಪ್ರಕಟಣೆ ಹೊರಬಿತ್ತು:

“ಲುವಾಂಬಿ ಕ್ಷೇತ್ರವು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ನಗರವೆಂದೂ, ಮೂರು ಗಂಟೆಯಿಂದ ಮರುದಿನ ಬೆಳಿಗ್ಗೆ ಆರರವರೆಗೆ ಗ್ರಾಮವೆಂದೂ ಪರಿಗಣಿಸತಕ್ಕದ್ದು. ಹನ್ನೆರಡರಿಂದ ಮೂರರವರೆಗೆ ಮಧ್ಯಾಹ್ನದ ವಿಶ್ರಾಂತಿಯ ವೇಳೆಯಾದ್ದರಿಂದ ಆಗ ಕ್ಷೇತ್ರವು ಏನೂ ಆಗಿರತಕ್ಕದ್ದಲ್ಲ. ಎರಡೂ ವಾಹನಗಳನ್ನು ಮಂಜೂರು ಮಾಡಲಾಗಿದೆ. ಬೆಂಕಿ ಅನಾಹುತಗಳನ್ನು ಬೆಳಗಿನ ಅವಧಿಯಲ್ಲೂ ಉಳುಮೆಯನ್ನು ಸಂಜೆಯ ಅವಧಿಯಲ್ಲೂ ಇಟ್ಟುಕೊಂಡು ಸಾರ್ವಜನಿಕರು ಸಹಕರಿಸಬೇಕು.”

ಸಾರ್ವಜನಿಕರು ಸಹಕರಿಸಿದರು. ಸಂಸತ್ ಸದಸ್ಯರು ನಗರ ಭತ್ಯೆ, ಗ್ರಾಮ ಭತ್ಯೆ ಎರಡಕ್ಕೂ ಅರ್ಜಿ ಹಾಕಿ ಎರಡನ್ನೂ ಪಡೆದರು. ಒಂದೇ ಕೋಣೆಯಲ್ಲಿ ಎರಡು ಕಚೇರಿ ತೆರೆದು, ಹನ್ನೆರಡಕ್ಕೆ ಬೋರ್ಡು ಇಳಿಸಿ ಮೂರಕ್ಕೆ ತಿರುಗಿಸಿ ಹಾಕಲು ಒಬ್ಬರನ್ನು ನೇಮಿಸಿದರು. ನಡುವಿನ ಮೂರು ಗಂಟೆ ಕ್ಷೇತ್ರವೇ ಇಲ್ಲವಾದ್ದರಿಂದ ಅವರು ಯಾರ ಪ್ರತಿನಿಧಿಯೂ ಅಲ್ಲ. ಆ ಹೊತ್ತಿನಲ್ಲಿ ಅವರನ್ನು ಬಾಯಿ ತುಂಬ ಬೈದರೂ ಸದಸ್ಯರ ನಿಂದನೆ ಆಗುವುದಿಲ್ಲ. ಹೀಗಾಗಿ ಊರಿನವರು ಊಟ ಬೇಗ ಮುಗಿಸತೊಡಗಿದರು. ಅಗ್ನಿಶಾಮಕ ವಾಹನವನ್ನು ಸಂಜೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ಗೆಣಸಿಗೆ ನೀರು ಹಾಯಿಸಿದರು. ಟ್ರ್ಯಾಕ್ಟರಿಗೆ ಕಟ್ಟಿದ್ದರಿಂದ ಅದು ಗ್ರಾಮೀಣ ಉಪಕರಣವಾಗುತ್ತದೆ ಎಂದು ನಾಫುಲಾ ಬರೆದಳು. ಕೇಂದ್ರ ಒಪ್ಪಿತು. ಕೇಂದ್ರಕ್ಕೆ ಮೂರು ವರ್ಷದ ಹೊಸ ಅನುದಾನವೂ ಒಂದು ಮಧ್ಯಾಹ್ನ ವಿಭಾಗವೂ ಬಂದವು.

ಇದೆಲ್ಲ ಆಮೇಲಿನ ಮಾತು. ಪ್ರಕಟಣೆ ಬಂದ ವಾರ ಜೆಸಿಂತಾಬಾಯಿ ಕಡತ ಮುಚ್ಚಲು ಹೋದಾಗ ಬಸವಪ್ರಸಾದ ಅಡ್ಡ ಬಂದ.

“ಮುಚ್ಚಾಕ ಬರಂಗಿಲ್ರಿ ಅಕ್ಕಾರ. ಹನ್ನೆರಡಕ್ಕ ನಗರ ಅಂತ ಮುಚ್ಚಬೇಕು, ಮೂರಕ್ಕ ಗ್ರಾಮ ಅಂತ ತೆರೀಬೇಕು, ಆರಕ್ಕ ಮತ್ತ ನಗರ. ದಿನಾ. ನಿಮ್ಮ ಹೆಸರ್ನಾಗ ಐತಿ.”

“ಎಷ್ಟು ದಿನ?”

“ಕ್ಷೇತ್ರ ಇರೂತನ ಅನ್ರಿ.”

ಅಂದು ಮಾರ್ಚ್ ಮೂವತ್ತು. ಜೆಸಿಂತಾಬಾಯಿ ಪ್ರಕಟಣೆಯನ್ನು ಎರಡು ಸಲ ಓದಿದರು. ನಂತರ ಕನ್ನಡಕ ಒರೆಸಿಕೊಂಡು ನೇರ ನಿರ್ದೇಶಕರ ಕೋಣೆಗೆ ಹೋದರು.

“ಡಾಕ್ಟರ್, ಈ ಕಡತ ಹನ್ನೆರಡಕ್ಕೆ ಮುಚ್ಚುತ್ತದೆ ತಾನೆ?”

“ವಿಧಿವತ್ತಾಗಿ.”

“ಮುಚ್ಚಿದ ಮೇಲೆ ನನ್ನ ಹೆಸರಿನಲ್ಲಿ ತೆರೆದ ಕಡತ ಇಲ್ಲ. ಹಾಗಾದರೆ ಹನ್ನೆರಡಕ್ಕೆ ನಾನು ನಿವೃತ್ತಳು.”

“ಮೂರಕ್ಕೆ ಅದು ತೆರೆಯುತ್ತದಲ್ಲ.”

“ಮೂರಕ್ಕೆ ಅದು ಗ್ರಾಮ. ನನ್ನ ನೇಮಕಾತಿ ಪತ್ರದಲ್ಲಿ ಕೆಲಸದ ಸ್ಥಳ ಕಲೋನ್ ನಗರ ಎಂದಿದೆ. ಗ್ರಾಮದ ಕಡತ ನನ್ನದು ಹೇಗಾಗುತ್ತದೆ?”

ಹೋಲ್ಟ್‌ಕಾಂಪ್ ಪತ್ರ ತರಿಸಿ ಓದಿದರು. ಅವರು ಕೆಟ್ಟ ಮನುಷ್ಯರಲ್ಲ. ಲಿಖಿತದಲ್ಲಿ ಇದ್ದುದನ್ನು ಅವರು ಎಂದೂ ನಿರಾಕರಿಸಿದವರಲ್ಲ. ಗ್ರಾಮದ ಪಾಳಿ ಬಸವಪ್ರಸಾದನಿಗೆ ಹೋಯಿತು. ಜೆಸಿಂತಾಬಾಯಿಯನ್ನು ಮಧ್ಯಾಹ್ನದವರೆಗೆ ನೌಕರರೆಂದೂ ಮೂರರಿಂದ ನಿವೃತ್ತರೆಂದೂ, ನಡುವೆ ಏನೂ ಅಲ್ಲವೆಂದೂ ಆದೇಶವಾಯಿತು.

ಅಂದಿನಿಂದ ಪ್ರತಿದಿನ ಹನ್ನೆರಡಕ್ಕೆ ಅವರಿಗೆ ಬೀಳ್ಕೊಡುಗೆ. ಹೋಲ್ಟ್‌ಕಾಂಪ್ ಭಾಷಣ ಮಾಡಿ ಹೂಗುಚ್ಛ ಕೊಡುತ್ತಾರೆ. ಗುಚ್ಛ ಪ್ಲಾಸ್ಟಿಕ್ಕಿನದು, ಮರಳಿ ಕಪಾಟಿಗೆ ಹೋಗುತ್ತದೆ. ಈ ದೇಶದ ಪದ್ಧತಿಯಂತೆ ಹೋಗುವವರೇ ಕೇಕ್ ತರಬೇಕಾದ್ದರಿಂದ ಜೆಸಿಂತಾಬಾಯಿ ಒಂದೇ ಕೇಕನ್ನು ಹದಿನೈದು ತುಂಡು ಮಾಡಿ ಮೂರು ವಾರ ಸಾಗಿಸುತ್ತಾರೆ. ಮರುದಿನ ಬೆಳಿಗ್ಗೆ ಹೊಸ ನೌಕರರೆಂದು ಸೇರುತ್ತಾರೆ. ಆರು ತಿಂಗಳ ಪರೀಕ್ಷಾವಧಿ ಅಂದಿನಿಂದ ಶುರು. ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂದು ಬಸವಪ್ರಸಾದ ದಿನಾ ತೋರಿಸುತ್ತಾನೆ.

“ಹೊಸಬರಿಗೆ ತೋರಿಸೂದು ಕಡ್ಡಾಯ ಐತ್ರಿ ಅಕ್ಕಾರ.”

“ತೋರಿಸು ಮಾರಾಯ. ನಿನ್ನೆಯದ್ದು ಮರೆತು ಹೋಗಿ ಉಂಟು.”

ಕೈತೋಟಗಳ ಸಂಘ ಆದೇಶವನ್ನು ಸಭೆಯಲ್ಲಿಟ್ಟು ಚರ್ಚಿಸಿತು. ಮೂರರ ನಂತರ ನಿವೃತ್ತರಾಗಿರುವವರಿಗೆ ಮೂರರ ನಂತರ ತೋಟ ಕೊಡುವುದಕ್ಕೆ ಯಾವ ಅಡ್ಡಿಯೂ ಕಾಣಲಿಲ್ಲ. ಬೆಳಗಿನ ಹೊತ್ತು ಅದೇ ತುಂಡು ಶ್ರೀಮತಿ ಕೆಸ್ಲರ್‌ಗೆ. ಜೆಸಿಂತಾಬಾಯಿ ಬೀಗದ ಕೈ ತೆಗೆದುಕೊಂಡು ಮೂರು ಗಂಟೆ ಒಂದು ನಿಮಿಷಕ್ಕೆ ಒಳಗೆ ಹೋದರು. ಹನ್ನೊಂದು ವರ್ಷದ ಮೇಲೆ ಸಿಕ್ಕ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಮೂಸಿದರು. ಮೇ ತಿಂಗಳಲ್ಲಿ ಬಸಳೆ ಹಾಕಿದರು.

ಜುಲೈ ಸೆಕೆಗೆ ಬಸಳೆ ಚಪ್ಪರ ಬಿಟ್ಟು ಶ್ರೀಮತಿ ಕೆಸ್ಲರ್‌ರ ಬೀನ್ಸ್ ಕೋಲಿನ ಮೇಲೆ ಹತ್ತಿತು. ಸಂಘದಿಂದ ನೋಟಿಸು ಬಂತು: ‘ತಮ್ಮ ಸಸ್ಯವು ಹನ್ನೆರಡರಿಂದ ಮೂರರವರೆಗಿನ ವಿಶ್ರಾಂತಿಯ ವೇಳೆಯಲ್ಲಿಯೂ ಬೆಳೆಯುತ್ತಿರುವುದು ಗಮನಕ್ಕೆ ಬಂದಿದೆ. ಇದನ್ನು ಕೂಡಲೇ ನಿಲ್ಲಿಸತಕ್ಕದ್ದು.’

ಜೆಸಿಂತಾಬಾಯಿ ಒಂದು ಬುಟ್ಟಿ ಬಸಳೆ ಕೊಯ್ದರು, ಅರ್ಧವನ್ನು ಶ್ರೀಮತಿ ಕೆಸ್ಲರ್‌ಗೆಂದು ಬಾಗಿಲಲ್ಲಿಟ್ಟರು, ಆಮೇಲೆ ಬೆಂಚಿನ ಮೇಲೆ ಕೂತು ಉತ್ತರ ಬರೆದರು: ‘ಮಾನ್ಯರೇ, ಬಸಳೆಗೆ ತಿಳಿಸಲಾಗಿದೆ.’

ಸಂಘವು ಕೃತಜ್ಞತೆ ಸೂಚಿಸಿ ವಿಷಯವನ್ನು ಮುಕ್ತಾಯಗೊಳಿಸಿತು.