ಒಂದು ಕುಟುಂಬಕ್ಕೆ ಒಂದೇ ಕೂಪನ್

ಓಹಾಯೊ ರಾಜ್ಯದ ಟಾಲ್ಬರ್ಟ್ ಕ್ರೀಕ್ ಎಂಬ ನಮ್ಮ ಊರಿನಲ್ಲಿ ಭಾನುವಾರದ ಪತ್ರಿಕೆ ಕೊಳ್ಳದ ಮನೆಯಿಲ್ಲ. ಅದನ್ನು ಓದುವ ಮನೆಯೂ ಇಲ್ಲ. ಒಳಗಿನ ರಿಯಾಯಿತಿ ಕೂಪನ್ ಹಾಳೆಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ದೇಶದ ಸುದ್ದಿಯನ್ನು ಬೆಕ್ಕಿನ ತಟ್ಟೆಯ ಕೆಳಗೆ ಹಾಸುವುದು ಇಲ್ಲಿನ ರೂಢಿ.

ಈ ವಿದ್ಯೆಯಲ್ಲಿ ಥೆಲ್ಮಾ ಹೇವರ್‌ಕ್ಯಾಂಪ್ ಅವರನ್ನು ಮೀರಿಸಿದವರಿಲ್ಲ. ಶಾಲೆಯ ಅಡುಗೆಮನೆಯಿಂದ ನಿವೃತ್ತರಾದವರು. ಅವರ ಯಜಮಾನರು ಆರಿನ್, ಅಂಗಡಿಯಲ್ಲಿ ಗಾಡಿ ತಳ್ಳುವುದು ಮತ್ತು ಕೇಳಿದಾಗ ತಲೆಯಾಡಿಸುವುದು ಎಂಬ ಎರಡು ಹೊಣೆಗಳನ್ನು ದೂರಿಲ್ಲದೆ ನಿರ್ವಹಿಸುತ್ತಿದ್ದರು. ನೆಲಮಾಳಿಗೆಯಲ್ಲಿ ಕೂಪನ್ನಿಗೆ ಕೊಂಡ ಸಾಸಿವೆ ಸಾಸಿನ ಬಾಟಲಿಗಳು ತುಂಬಿ ಆರಿನ್‌ರ ಮರಗೆಲಸದ ಮೇಜು ಹೊರಗೆ ಬಂದಿತ್ತು. ಆರಿನ್‌ಗೆ ಸಾಸಿವೆ ಒಗ್ಗುತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

ಕಾಫಿ ಪುಡಿಯ ಡಬ್ಬಿ ಅರ್ಧ ಬೆಲೆಗೆ ಎಂಬ ಕೂಪನ್ ಬಂದ ವಾರ ಥೆಲ್ಮಾ ಎರಡು ಪತ್ರಿಕೆ ಕೊಂಡು, ಎರಡು ಕೂಪನ್ ಹಿಡಿದು ಆರಿನ್‌ರ ಜೊತೆ ಹಾಬ್ನರ್ ಅಂಗಡಿಗೆ ಹೋದರು. ಮ್ಯಾನೇಜರ್ ಡ್ವೇನ್ ಪ್ರಸ್ ಕೂಪನ್ನಿನ ಕೆಳಗಿದ್ದ ಇರುವೆ ಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟ.

"ಒಂದು ಕುಟುಂಬಕ್ಕೆ ಒಂದೇ, ಮೇಡಂ."

"ಇನ್ನೊಂದು ಇವರದ್ದು ಕಣಪ್ಪ. ಇವರೂ ಕಾಫಿ ಕುಡೀತಾರೆ."

"ಕುಡಿಯೋ ಬಾಯಿ ಎರಡಿರಬಹುದು. ಒಲೆ ಒಂದೇ ಅಲ್ವಾ?"

"ಸ್ಕೂಲಲ್ಲಿ ನಿನಗೆ ಎರಡೆರಡು ಸಲ ಬಡಿಸ್ತಿದ್ದೆ. ಆಗ ನಾನೇನಾದ್ರೂ ರೂಲ್ಸು ಕೇಳಿದ್ನಾ?"

"ಆಗ ನಾನು ಮ್ಯಾನೇಜರ್ ಆಗಿರಲಿಲ್ಲ," ಎಂದು ಡ್ವೇನ್ ವಿನಯದಿಂದಲೇ ಹೇಳಿದ.

ಮರುದಿನ ಆರಿನ್ ಗ್ಯಾರೇಜಿಗೆ ವರ್ಗವಾದರು. ಜೊತೆಗೆ ಒಂದು ಮಂಚ, ಒಂದು ಕರೆಂಟ್ ಒಲೆ. ಡ್ವೇನ್ ಖುದ್ದಾಗಿ ಬಂದು ಸ್ಥಳ ಪರಿಶೀಲಿಸಿದ. ಒಲೆ ಬೇರೆಯಾಗಿರುವುದು ಸಮಾಧಾನಕರವೆಂದು ಒಪ್ಪಿ, ಮದುವೆ ಮಾತ್ರ ಇನ್ನೂ ಚಾಲ್ತಿಯಲ್ಲಿದೆಯೆಂದು ಆಕ್ಷೇಪಣೆ ಎತ್ತಿದ.

ಹೀಗಾಗಿ ವಿಷಯ ನ್ಯಾಯಾಲಯಕ್ಕೆ ಹೋಯಿತು.

"ಇವರು ಹೊಡೀತಾರಾ?" ಎಂದು ನ್ಯಾಯಾಧೀಶೆ ಲೆನೋರ್ ಕ್ವಿಗ್ಲಿ ಕೇಳಿದರು.

"ಛೆ, ಇಲ್ಲ."

"ಕುಡೀತಾರಾ?"

"ಕಾಫಿ ಕುಡೀತಾರೆ. ಅದೇ ತೊಂದ್ರೆ." ಥೆಲ್ಮಾ ಕೂಪನ್ ಹಾಜರುಪಡಿಸಿದರು.

ನ್ಯಾಯಾಧೀಶೆ ಕನ್ನಡಕ ಏರಿಸಿ ಅದನ್ನು ಪೂರ್ತಿ ಓದಿದರು. "ಇದಕ್ಕೆ ಶನಿವಾರವೇ ಕೊನೆ ದಿನ. ಮುಂಚೆ ಬರಬಾರದಾಗಿತ್ತಾ?"

ತುರ್ತು ಪ್ರಕರಣವೆಂದು ಪರಿಗಣಿಸಿ ಅಂದೇ ವಿಚ್ಛೇದನ ನೀಡಲಾಯಿತು. ಹೇಳುವುದೇನಾದರೂ ಇದೆಯೇ ಎಂದಾಗ ಆರಿನ್ ತಲೆಯಾಡಿಸಿದರು. ಇದೆಯೆಂದೋ ಇಲ್ಲವೆಂದೋ ಕಡತದಲ್ಲಿ ಬರೆದಿಲ್ಲ. ಮುಂದಿನ ವಾರ ನ್ಯಾಯಾಧೀಶೆಯ ಯಜಮಾನರು ಹಾಸಿಗೆ ಹೊತ್ತು ತಮ್ಮ ಗ್ಯಾರೇಜಿನ ಕಡೆ ನಡೆಯುತ್ತಿದ್ದುದನ್ನು ನಾವೆಲ್ಲ ನೋಡಿದೆವು.

ನಂತರ ಊರಿಗೆ ಊರೇ ವಿಚ್ಛೇದನ ಪಡೆಯಿತು. ಪತ್ರಿಕೆಯ ಮಾರಾಟ ಇಮ್ಮಡಿಸಿತು. ಸಂಪಾದಕರು ಓದುಗರ ಜ್ಞಾನದಾಹವನ್ನು ಹೊಗಳಿ ಬರೆದರಂತೆ. ದೇವರು ಕೂಡಿಸಿದ ಗಂಡ ಹೆಂಡಿರನ್ನು ಮನುಷ್ಯ ಅಗಲಿಸಬಾರದೆಂದು ಪಾದ್ರಿಗಳು ಪ್ರವಚನ ಮಾಡಿದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಟರ್ಕಿ ಕೋಳಿಗೆ ಕೂಪನ್ ಬಂದ ಮೇಲೆ, ಅಗಲಿಸುತ್ತಿರುವುದು ಮನುಷ್ಯನಲ್ಲ, ಅಂಗಡಿ ಎಂದು ಚರ್ಚಿನ ಸಮಿತಿ ನಿರ್ಣಯಿಸಿತು. ಪುರಸಭೆಯವರು ಗ್ಯಾರೇಜುಗಳನ್ನು ವಾಸದ ಮನೆಗಳೆಂದು ಘೋಷಿಸಿ ತೆರಿಗೆ ಹಾಕಿದರು.

ಆರಿನ್ ಬೇಲಿಯ ಹತ್ತಿರ ನಿಂತು ಥೆಲ್ಮಾಗೆ ಮೆಲ್ಲಗೆ ಹೇಳಿದರು: "ಕಾಫೀಲಿ ಉಳಿದದ್ದಕ್ಕಿಂತ ತೆರಿಗೇನೇ ಜಾಸ್ತಿ ಆಯ್ತಲ್ಲೇ."

"ತೆರಿಗೆ ಬೇರೆ ರೀ, ಉಳಿತಾಯ ಬೇರೆ. ಎರಡನ್ನೂ ಸೇರಿಸಿ ಯಾರಾದ್ರೂ ಲೆಕ್ಕ ಹಾಕ್ತಾರಾ?"

ಜನವರಿಯಲ್ಲಿ ಹಿಮ ಬಿದ್ದಾಗ ಆರಿನ್‌ಗೆ ಕೆಮ್ಮು ಹತ್ತಿತು. ಅಂಗಳದ ಈಚೆಗೂ ಅದು ಕೇಳುತ್ತಿತ್ತು. ಥೆಲ್ಮಾ ಟಿವಿಯ ಸದ್ದು ಏರಿಸಿ ನೋಡಿದರು. ಕೆಮ್ಮು ಅದಕ್ಕಿಂತ ಜೋರಾಗಿತ್ತು. ಕೊನೆಗೊಂದು ಸಂಜೆ ಕೋಳಿ ಸೂಪಿನ ಪಾತ್ರೆ ಹಿಡಿದು ಅಂಗಳಕ್ಕಿಳಿದರು. ತಪಾಸಣೆಗೆ ಬಂದಿದ್ದ ಡ್ವೇನ್ ಬೇಲಿಯಾಚೆ ನಿಂತಿದ್ದ.

"ಒಂದೇ ಪಾತ್ರೆ ಸೂಪು ಎರಡೂ ಕಡೆ ಹೋದ್ರೆ ಒಂದೇ ಕುಟುಂಬ ಅಂತ ಆಗುತ್ತೆ, ಮೇಡಂ. ಆಮೇಲೆ ನಿಮ್ಮ ಕೂಪನ್ ಯಾವುದೂ ನಡೆಯಲ್ಲ."

ಪಾತ್ರೆಯಿಂದ ಹಬೆ ಏಳುತ್ತಿತ್ತು. ಒಳಗೆ ಆರಿನ್ ಮತ್ತೆ ಕೆಮ್ಮಿದರು.

"ಬರ್ಕೋ ಹಾಗಾದ್ರೆ," ಎಂದರು ಥೆಲ್ಮಾ. "ಒಂದೇ ಕುಟುಂಬ ಅಂತಲೇ ಬರ್ಕೋ. ನಾನು ಸೂಪ್ ಕೊಡೋಳೇ."

ಡ್ವೇನ್ ಪೆನ್ನು ತೆಗೆದ. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ತೆರೆದು ಕಂಬಳಿ ಹೊದ್ದ ಆರಿನ್ ಕಾಣಿಸಿಕೊಂಡರು.

"ಸೂಪು ಎಷ್ಟಮ್ಮಾ?"

"ಏನ್ರೀ?"

"ರೇಟು ಎಷ್ಟು ಅಂದೆ. ನಾನು ಗಿರಾಕಿ. ಪುಕ್ಕಟೆ ಬೇಡ."

ಡ್ವೇನ್ ಬಹಳ ಹೊತ್ತು ಯೋಚಿಸಿದ. ದುಡ್ಡು ಕೊಟ್ಟು ಉಣ್ಣುವ ಜಾಗ ಹೋಟೆಲ್. ಹೋಟೆಲ್ಲೂ ಗಿರಾಕಿಯೂ ಒಂದೇ ಕುಟುಂಬವೆಂದು ಯಾವ ಕೂಪನ್ನಿನಲ್ಲೂ ಮುದ್ರಿತವಾಗಿಲ್ಲ. ಪೆನ್ನು ಜೇಬಿಗೆ ಸೇರಿಸಿ, ತನಗೂ ಒಂದು ಬಟ್ಟಲು ಸಿಗಬಹುದೇ ಎಂದು ವಿಚಾರಿಸಿದ. ಅವನಿಂದ ಬೇರೆಯಾಗಿದ್ದ ಹೆಂಡತಿ ಆಗಿನ್ನೂ ಹೋಟೆಲ್ ತೆರೆದಿರಲಿಲ್ಲ.

ಈಗ ನಮ್ಮ ಊರಿನಲ್ಲಿ ಇದೇ ಪದ್ಧತಿ. ಸಂಜೆಯಾಗುತ್ತಲೇ ಗಂಡಸರು ತಲೆ ಬಾಚಿ, ಚಿಲ್ಲರೆ ಹಿಡಿದು, ತಾವೇ ಕಟ್ಟಿಸಿದ ಮನೆಗಳ ಬಾಗಿಲು ತಟ್ಟುತ್ತಾರೆ. ಜಾಗ ಇದೆಯೇ ಎಂದು ಕೇಳಿಯೇ ಒಳಗೆ ಕಾಲಿಡುತ್ತಾರೆ. ಆರಿನ್ ಮೊದಲ ಬಾರಿಗೆ ತಮಗೆ ಸಾಸಿವೆ ಬೇಡವೆಂದು ತಿಳಿಸಿದರು. ಗಿರಾಕಿಯ ಮಾತಾದ್ದರಿಂದ ಅದು ಕೂಡಲೇ ಜಾರಿಗೆ ಬಂತು. ಊಟ ಚೆನ್ನಾಗಿತ್ತೆಂದು ಬಾಯಿಬಿಟ್ಟು ಹೇಳಿ, ತಟ್ಟೆಯ ಕೆಳಗೆ ಟಿಪ್ಸ್ ಇಟ್ಟು ಅವರು ಹೊರಡುತ್ತಾರೆ. ಮದುವೆಯಾಗಿದ್ದಷ್ಟು ವರ್ಷವೂ ಈ ಎರಡರಲ್ಲಿ ಒಂದನ್ನೂ ಕಾಣದ ಥೆಲ್ಮಾ, ಇದಕ್ಕಿಂತ ಒಳ್ಳೆಯ ಸಂಸಾರ ಇರಲಾರದೆಂದು ಹೇಳುತ್ತಾರೆ. ಊರಿನ ಹೆಂಗಸರೆಲ್ಲ ಒಪ್ಪಿದ್ದಾರೆ.