ಚಿಗವ್ವನ ಗೇಣು

ತಗಡನ್ನು ತಡೆದವರು ಹಸಿದಿರಲಿಲ್ಲ. ಹಸಿದವರು ಟಿಕೋಟಾ, ಬಬಲೇಶ್ವರಗಳಲ್ಲಿ ಟ್ರಂಕು ಬಡಿಯುವವರು ಮತ್ತು ಅವರ ಹೆಂಡಿರು ಮಕ್ಕಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನನ್ನ ಕಾಕಾನ ಸುದ್ದಿ ತೆಗೆದೊಡನೆ ನೀವು ನಗುತ್ತೀರಿ, ನಕ್ಕವರಿಗೆ ಸಿಟ್ಟು ಮರೆತುಹೋಗುತ್ತದೆ.

ಟಿಕೋಟಾದಲ್ಲಿ ಟ್ರಂಕು ಬಡಿಯುವ ನನ್ನ ಕಾಕಾ ಇಬ್ಬರು ಸೇರಿದಲ್ಲಿ ಸಭೆ ಕರೆಯುವ ಮನುಷ್ಯ. ಮನೆಯಲ್ಲಿ ಬದನೆಕಾಯಿ ಪಲ್ಯವಾಗಬೇಕಾದರೂ ಠರಾವು ಬೇಕು! "ಸೂಚಕ ನಾನು. ಅನುಮೋದನೆ ಯಾರ್ದರಿ?" ಎಂದು ಒಲೆಯತ್ತ ನೋಡುವರು. ಅವರ ಹೆಂಡತಿ, ನನ್ನ ಚಿಗವ್ವ, ರೊಟ್ಟಿ ಬಡಿಯುತ್ತಲೇ, "ಬದನಿಕಾಯಿನ ಇಲ್ಲ ಮನ್ಯಾಗ. ಠರಾವು ಬಿತ್ತು ನೋಡ್ರಿ" ಅನ್ನುವಳು. ಕಾಕಾ ವಂದನಾರ್ಪಣೆ ಮಾಡಿ, ಚಟ್ನಿ ರೊಟ್ಟಿ ತಿಂದು ಏಳುವರು.

ಈ ಹುಚ್ಚಿಗೆ ಕಾರಣವಿತ್ತು. ತಗಡಿಗೆ ಸರಕಾರದ ಕೋಟಾ. ಒಂಟಿ ಸುತ್ತಿಗೆಯವನಿಗೆ ಅದು ದಕ್ಕದು. ಅವನು ವಿಜಾಪುರದ ವ್ಯಾಪಾರಿ ಹೇಳಿದ ದರಕ್ಕೆ ತಗಡು ಕೊಳ್ಳಬೇಕು, ಅದೇ ವ್ಯಾಪಾರಿ ಹೇಳಿದ ದರಕ್ಕೆ ಟ್ರಂಕು ಮಾರಬೇಕು. ಇದಕ್ಕೆ ವ್ಯಾಪಾರವೆಂದು ಹೆಸರು! ಸೊಲ್ಲಾಪುರದ ಕಾರಖಾನೆಯ ಟ್ರಂಕುಗಳು ಬಸ್ಸಿನ ನೆತ್ತಿಯಿಂದ ಇಳಿಯುವಾಗ ನಮ್ಮವರು ಒಬ್ಬರ ಗಿರಾಕಿಯನ್ನೊಬ್ಬರು ಎಳೆದಾಡುತ್ತಿದ್ದರು. ಎರಡೂ ಊರು ಸೇರಿ ಸಂಘವಾದರೆ ಕೋಟಾ ಕೇಳಬಹುದು, ದೊಡ್ಡ ಆರ್ಡರು ಹಿಡಿಯಬಹುದು. ಕಾಕಾ ಸೈಕಲ್ಲು ತುಳಿದು ಹೋಗಿ ಬಬಲೇಶ್ವರದ ಟ್ರಂಕಿನವರ ಮುಂದಾಳು ಉಸ್ತಾದನನ್ನು ಒಪ್ಪಿಸಿಯೇಬಿಟ್ಟರು.

ಮೊದಲ ಆರ್ಡರು ವಿಜಾಪುರದ ಒಂದು ವಸತಿಗೃಹದ್ದು: ಮಂಚದ ಕೆಳಗೆ ಹಿಡಿಸುವ ಟ್ರಂಕು. ನಮ್ಮವರ ರೂಢಿಯೋ, ಅವರವರ ಗೇಣೇ ಅವರವರ ಅಳತೆ. ಉಸ್ತಾದನ ಗೇಣೆಂದರೆ ಜೋಳದ ರೊಟ್ಟಿಯ ಅಗಲ! ಅವನ ಟ್ರಂಕು ಒಂದೂ ಮಂಚದ ಕೆಳಗೆ ನುಗ್ಗಲಿಲ್ಲ. ಬಂಡಿ ತುಂಬ ಮರಳಿ ಬಂದವು.

"ನಿಂದು ಗೇಣೋ ಮಾರೋ ಮಾರಾಯಾ?" ಎಂದರು ಕಾಕಾ.

"ನಿಂದು ಗುಬ್ಬಿ ಗೇಣ ಐತಿ ಅಣ್ಣಾ, ನಂದ್ಯಾಕ ಅಂತಿ?"

ಅಡಿಪಟ್ಟಿ ಇರಲಿಲ್ಲವೇ? ಇತ್ತು, ಅದರ ಗೆರೆ ಓದಲು ಯಾರನ್ನೂ ಶಾಲೆಗೆ ಕಳಿಸಿರಲಿಲ್ಲ. ಅದೂ ಒಂದು ಅನ್ಯಾಯವೇ. ಒಬ್ಬರ ಗೇಣನ್ನು ಒಬ್ಬರು ಒಪ್ಪದೆ ಸಂಘವೇ ಒಡೆಯುವ ಹೊತ್ತಿಗೆ, ಚಹಾ ತಂದ ಚಿಗವ್ವ ಟ್ರಂಕಿನ ಮೇಲೆ ಅಂಗೈ ಅಗಲಿಸಿದಳು: "ನನ್ನ ಗೇಣ ಹಿಡೀರಿ. ನನಗೇನ ಅಂಗಡಿ ಐತಿ ಜಗಳಾಡಾಕ?"

ಸರ್ವಾನುಮತ! ಅವಳ ಗೇಣಿನಷ್ಟು ಕಬ್ಬಿಣದ ಪಟ್ಟಿ ಕತ್ತರಿಸಿ ಅಂಗಡಿಗೊಂದು ಹಂಚಿದರು. ಮರಳಿ ಮಾಡಿದ ಟ್ರಂಕುಗಳೆಲ್ಲ ಮಂಚದ ಕೆಳಗೆ ಸರಾಗ ಜಾರಿದವು. ಇನ್ನಷ್ಟು ಆರ್ಡರು ಬಂದವು. ಉಳಿದದ್ದು ಸಂಘದ ನೋಂದಣಿ, ಅದರ ಹಿಂದೆ ಕೋಟಾ.

ನೋಂದಣಿ ಕಚೇರಿಗೆ ಯಾವಾಗ ಹೋದರೂ ಸಾಹೇಬರಿಲ್ಲ. ಕೊನೆಗೆ ಕಾಕಾ ಜಗಲಿಯ ಮೇಲೆಯೇ ಸಭೆ ಕರೆದು, ಸಾಹೇಬರ ಆತ್ಮಕ್ಕೆ ಶಾಂತಿ ಕೋರಿದರು!

"ಲೇ, ಸಾಹೇಬರು ಇನ್ನೂ ಅದಾರ!" ಎಂದು ಜವಾನ ಓಡಿಬಂದ.

"ಹಂಗಾರ ಕುರ್ಚಿ ಮ್ಯಾಲ ಯಾಕ ಕಾಣವಲ್ರು?"

ಜಗಲಿ ನಕ್ಕಿತು; ಅರ್ಜಿ ಅಲುಗಲಿಲ್ಲ. ಕೋಟಾ ಮಾತ್ರ ಪೇಟೆಯ ಒಬ್ಬನಿಗೆ ಹೋಯಿತು. ಅವನಲ್ಲಿ ಟ್ರಂಕು ಅಂಗಡಿಯ ಬೋರ್ಡು ಇತ್ತು, ಸುತ್ತಿಗೆ ಇರಲಿಲ್ಲ. ನಮ್ಮ ತಗಡನ್ನೇ ನಮಗೆ ಇಮ್ಮಡಿ ದರಕ್ಕೆ ಮಾರಬಂದ. ಅಂಗಡಿಗಳು ಮುಚ್ಚಿದವು. ಉಸ್ತಾದ ಸೊಲ್ಲಾಪುರದಲ್ಲಿ ಮೂಟೆ ಹೊರಲು ಹೋದ. ಚಿಗವ್ವ ರಸ್ತೆ ಕಾಮಗಾರಿಯಲ್ಲಿ ಕಲ್ಲು ಒಡೆಯಲು ಹೋದಳು. ಒಂದು ಮಧ್ಯಾಹ್ನ ಕಲ್ಲುರುಳಿ ಬಲಗೈ ಹೆಬ್ಬೆರಳು ಜಜ್ಜಿಹೋಯಿತು.

ಗಾಯ ಮಾಯ್ದ ಮೇಲೆ ಅವಳೇ ಆ ಕಬ್ಬಿಣದ ಪಟ್ಟಿ ತರಿಸಿ ಅದರ ಮೇಲೆ ಕೈ ಇಟ್ಟಳು. ಮೊಂಡಾದ ಹೆಬ್ಬೆರಳು ಪಟ್ಟಿಯ ತುದಿ ಮುಟ್ಟಲಿಲ್ಲ. "ನನ್ನ ಗೇಣ ಗಿಡ್ಡ ಆತು ನೋಡ್ರಿ. ಟ್ರಂಕ ಸಣ್ಣ ಮಾಡ್ರಿ, ತಗಡರ ಉಳೀತೈತಿ" ಎಂದು ನಕ್ಕಳು.

ಯಾವ ಮಾತಿಗೂ ವಂದನಾರ್ಪಣೆ ಮಾಡುವ ಕಾಕಾ ಅಂದು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಕುಳಿತೇ ಇದ್ದರು. ಒಲೆಯ ಮೇಲಿನ ರೊಟ್ಟಿ ಹೊತ್ತಿತು, ಯಾರೂ ಏಳಲಿಲ್ಲ.

ಕುರ್ಚಿಯ ಮೇಲೆ ಕಾಣದ ಸಾಹೇಬರೇ, ಸುತ್ತಿಗೆಯಿಲ್ಲದ ಆ ಬೋರ್ಡಿನ ಕೋಟಾ ರದ್ದು ಮಾಡಿ. ನಮ್ಮ ಸಂಘವನ್ನು ಮುಂದಿನ ಹಂಚಿಕೆಗೆ ಮೊದಲು ನೋಂದಾಯಿಸಿ. ತಗಡನ್ನು ಟಿಕೋಟಾದ ನಮ್ಮ ಅಂಗಳಕ್ಕೆ ತಂದು, ಎಲ್ಲರೆದುರು ಅಳೆದು ಕೊಡಿ. ಅಳತೆಯ ಪಟ್ಟಿ ನಮ್ಮಲ್ಲಿದೆ. ಅದನ್ನು ನಾವು ಗಿಡ್ಡ ಮಾಡಿಲ್ಲ.